ಹವಳದ ತೊಟ್ಟಿಗೆ ಒಂದು ಹಿಡಿ ಇದ್ದಿಲು

“ಮೊಗೇರಿ ಸೀಮೆಯ ಜನರೆಲ್ಲ ಕೇಳಿ. ಅರಮನೆಯ ಹವಳದ ತೊಟ್ಟಿ ಸಾಯುತ್ತಿದೆ. ಗತಿಸಿದ ರಾಣಿಯವರ ಒಗಟುಗಳಲ್ಲಿ ಅದರ ಮದ್ದಿದೆ. ಮೂರು ಒಗಟು ಒಡೆದವನಿಗೆ ಕೇಳಿದ್ದನ್ನು ಕೊಡುತ್ತೇವೆ. ಒಂದು ತಪ್ಪಿದರೂ ಕಡಲಬಂಡೆಗೆ ಕಟ್ಟಿಸಿ ಉಬ್ಬರಕ್ಕೆ ಬಿಡುತ್ತೇವೆ. ಅಮಾವಾಸ್ಯೆಯೊಳಗೆ ಯಾರೂ ಒಡೆಯದಿದ್ದರೆ, ತೊಟ್ಟಿಗೆ ವಿಷವಿಕ್ಕಿದ ದುಗ್ಗುವನ್ನು ಅದೇ ಬಂಡೆಗೆ ಕಟ್ಟಲಾಗುವುದು.”

ಡಂಗುರದವನು ದುಗ್ಗುವಿನ ಹೆಸರೆತ್ತಿದಾಗ ಐತ ಸುಡುಗುಂಡಿಯ ಮುಂದೆ ನಿಂತಿದ್ದ. ದುಗ್ಗು ಅವನ ತಾಯಿ. ತಾಯಿ ಮಗ ಇಬ್ಬರದೂ ತೆಂಗಿನ ಕರಟ ಸುಟ್ಟು ಇದ್ದಿಲು ಮಾಡುವ ಕಸುಬು. ಒಲೆಗಾದರೆ ಒಂದು ಸಲ ಸುಟ್ಟರೆ ಸಾಕು. ರಾಣಿ ಜೀವಂತ ಹವಳ ಬೆಳೆಸುತ್ತಿದ್ದ ತೊಟ್ಟಿಯ ನೀರು ತಿಳಿಗೊಳಿಸಲು ಹೋಗುವುದನ್ನು ಮಾತ್ರ ಮತ್ತೊಮ್ಮೆ ಕೆಂಪಗೆ ಕಾಯಿಸಿ, ನೀರು ಚಿಮುಕಿಸಿ, ಹಬೆಯಲ್ಲಿ ಬೇಯಿಸುತ್ತಿದ್ದರು. ಆಮೇಲೆ ದುಗ್ಗು ಅದನ್ನು ಏಳು ನೀರಿನಲ್ಲಿ ತೊಳೆಯುತ್ತಿದ್ದಳು. ಇದ್ದಿಲು ತೊಳೆದರೆ ಬೆಳ್ಳಗಾದೀತೇ ಎಂದು ಊರವರು ನಗುತ್ತಿದ್ದರು. ಬೆಳ್ಳಗಾಗಲಿ ಎಂದು ಅವಳು ತೊಳೆದವಳಲ್ಲ, ಪುಡಿ ಹೋಗಲಿ ಎಂದು. ನಗುವವರಿಗೆ ಇದನ್ನೆಲ್ಲ ಯಾರು ಹೇಳಿಕೊಂಡು ಕೂರುತ್ತಾರೆ?

ರಾಣಿ ತೀರಿಕೊಂಡ ತಿಂಗಳಲ್ಲೇ ತೊಟ್ಟಿಯ ಹವಳ ಬೆಳ್ಳಗಾಗಿತ್ತು. ಪಕ್ಕದಲ್ಲಿ ದುಗ್ಗುವಿನ ಖಾಲಿ ಬುಟ್ಟಿ ಬಿದ್ದಿತ್ತು. ಅರಸ ಕಾಮರಾಯನಿಗೆ ಅಷ್ಟೇ ಸಾಕಾಯಿತು. ಅವಳನ್ನು ನೆಲಮಾಳಿಗೆಗೆ ತಳ್ಳಿಸಿ, ಅರಮನೆಯಲ್ಲಿ ಇದ್ದಿಲಿನ ಹೆಸರೆತ್ತಬಾರದೆಂದು ಕಟ್ಟಪ್ಪಣೆ ಮಾಡಿದ. ಅದಾಗಿ ಮೂರು ತಿಂಗಳು. ಐತ ಕೈಯ ಮಸಿಯನ್ನೂ ತೊಳೆಯದೆ ಅರಮನೆಗೆ ನಡೆದ.

ಒಳ ಅಂಗಳದ ನಡುವೆ ಬಿಸಿಲಿಗೆ ತೆರೆದ ಕಲ್ಲಿನ ತೊಟ್ಟಿ. ಅದರೊಳಗಿನ ಕಡಲನೀರು ಹಳೆಯ ಎಣ್ಣೆಯಂತೆ ಹಳದಿಯಾಗಿತ್ತು. ಪಕ್ಕದಲ್ಲಿ ಅರಸನೂ ಅವನ ಮಗಳು ನೀಲಾಂಬೆಯೂ ನಿಂತಿದ್ದರು. ಒಗಟು ಒಡೆಯಲು ಐತನಿಗಿಂತ ಮುಂದೆ ಇಬ್ಬರಿದ್ದರು.

“ಮುಟ್ಟಿದವರ ಕೈಗೆಲ್ಲ ಕೊಳೆ ಹತ್ತಿಸುತ್ತದೆ, ಇಳಿದ ನೀರಿನ ಕೊಳೆಯನ್ನೆಲ್ಲ ತಾನು ತಿನ್ನುತ್ತದೆ. ಅದು ಯಾವುದು?” ಎಂದು ನೀಲಾಂಬೆ ಕೇಳಿದಳು.

ಘಟ್ಟದ ಮೇಲಿನ ಪಾಳೆಯಗಾರನ ಮಗ ಮೀಸೆ ತಿರುವಿ “ಮೋಡ” ಎಂದ. ಮೋಡ ಮುಟ್ಟಿ ಕೈ ಕೊಳೆಯಾದವರನ್ನು ಅವನು ಎಲ್ಲಿ ಕಂಡಿದ್ದನೋ. ಅವನನ್ನು ಎಳೆದೊಯ್ದರು.

ಎರಡನೆಯವನು ಓದಿದ ಪಂಡಿತ. ಅವನಿಗೆ ಉತ್ತರ ಹೊಳೆದದ್ದು ಐತನಿಗೆ ಕಂಡಿತು. ಆದರೆ ಪಂಡಿತ ಅರಸನ ಮುಖ ನೋಡಿ, ಬಾಯಿಗೆ ಬಂದದ್ದನ್ನು ನುಂಗಿ, “ಪುಣ್ಯತೀರ್ಥ” ಎಂದ. ಅವನನ್ನೂ ಎಳೆದೊಯ್ದರು. ಹಿತ್ತಿಲ ಬಾಗಿಲಾಚೆ ಉಬ್ಬರದ ನೀರೇರುವ ಸದ್ದು ಕೇಳಿಸುತ್ತಿತ್ತು. ನೀಲಾಂಬೆ ತಲೆ ಎತ್ತಲಿಲ್ಲ.

ಐತ ಮುಂದೆ ಬಂದ. ಅಂಗೈ ಚಾಚಿ ತೋರಿಸಿ, “ಇದ್ದಿಲು, ಬುದ್ಧೀ” ಎಂದ.

ಅರಸ ಕತ್ತಿಗೆ ಕೈ ಹಾಕಿದ. “ಆ ಹೆಸರು ಎತ್ತಬಾರದೆಂದು ಗೊತ್ತಿಲ್ಲವೇನೋ?”

“ಗೊತ್ತು ಒಡೆಯಾ. ಒಗಟು ಕೇಳಿದ್ದು ತಾವು, ಉತ್ತರ ಅದೇ ಆದರೆ ನಾನೇನು ಮಾಡಲಿ?”

“ಸರಿಯಾಗಿದೆ ಅಪ್ಪಾಜಿ, ಅಮ್ಮನ ಉತ್ತರವೂ ಅದೇ” ಎಂದಳು ನೀಲಾಂಬೆ ಮೆಲ್ಲಗೆ. ಮತ್ತೆ ಕೇಳಿದಳು: “ಅದು ಎಷ್ಟು ಉಂಡರೂ ಹೊಟ್ಟೆ ಉಬ್ಬದು, ಬಣ್ಣ ಮಾಸದು. ಆದರೆ ಹೊಟ್ಟೆ ತುಂಬಿದ ಮೇಲೆ ಕೆಲಸಕ್ಕೆ ಬಾರದು. ತುಂಬಿತೆಂದು ಹೇಳುವವರು ಯಾರು?”

“ತಳದಲ್ಲಿರುವ ಬಿಳಿ ಶಂಖ, ಅಮ್ಮಾ. ಇದ್ದಿಲನ್ನು ನೋಡಿದರೆ ಏನೂ ತಿಳಿಯದು. ನೀರು ಮಾಸಿ ಶಂಖ ಅರಿಸಿನ ಬಳಿದಂತೆ ಕಂಡ ದಿನ ಹಳೆಯದನ್ನು ತೆಗೆದು ಹೊಸದು ಹಾಕಬೇಕು. ರಾಣಿಯವರಿಗೆ ಆ ಶಂಖ ಕೊಟ್ಟವಳು ನನ್ನ ತಾಯಿ.”

ಅರಸ ಬಗ್ಗಿ ನೋಡಿದ. ಶಂಖ ಹಳದಿಯಾಗಿತ್ತು.

“ಮೂರನೆಯದು ಅಮ್ಮನದಲ್ಲ, ನನ್ನದು” ಎಂದಳು ನೀಲಾಂಬೆ.  “ಕೈಯಲ್ಲಿ ವಿಷವಿರಲಿಲ್ಲ, ಮನಸ್ಸಿನಲ್ಲಿ ಹಗೆಯಿರಲಿಲ್ಲ. ನೀರು ಕನ್ನಡಿಯಾಯಿತು, ಹವಳ ಸುಟ್ಟುಹೋಯಿತು. ಸುಟ್ಟದ್ದು ಯಾವುದು?”

ಐತನಿಗೆ ಉತ್ತರ ಗೊತ್ತಿರಲಿಲ್ಲ.  ತಾಯಿಯನ್ನು ಬಂಡೆಗೆ ಕಟ್ಟಿದ ಚಿತ್ರವೇ ಕಣ್ಣ ಮುಂದೆ ಬಂತು. ತೊಟ್ಟಿಯನ್ನು ಸುಮ್ಮನೆ ದಿಟ್ಟಿಸಿದ. ನಡುವಿನ ಹವಳವೆಲ್ಲ ಸುಣ್ಣದಂತೆ ಬಿಳಿ. ಆದರೆ ಕಂಬದ ನೆರಳು ಬೀಳುವ ಮೂಲೆಯಲ್ಲಿ ಒಂದು ಹಿಡಿಯಷ್ಟು ಇನ್ನೂ ಜೀವದ ಕಂದುಬಣ್ಣದಲ್ಲಿ ಉಳಿದಿತ್ತು. ವಿಷವಾಗಿದ್ದರೆ ನೆರಳಿನಲ್ಲಿದ್ದದ್ದನ್ನು ಬಿಡುತ್ತಿತ್ತೇ? ಆಮೇಲೆ ಗೋಡೆಗೆ ನೇತುಹಾಕಿದ ಅಮ್ಮನ ಖಾಲಿ ಬುಟ್ಟಿಯ ಮೇಲೆ ಕಣ್ಣು ಬಿತ್ತು. ಅದು ಅವನೇ ಹೆಣೆದದ್ದು. ಅದರಲ್ಲಿ ಆರು ತಿಂಗಳಿಗಾಗುವಷ್ಟು ಇದ್ದಿಲು ಹಿಡಿಯುತ್ತಿತ್ತು.

“ಬಿಸಿಲು, ಬುದ್ಧೀ” ಎಂದ ಐತ. “ಹಳದಿ ನೀರು ಹವಳಕ್ಕೆ ಚಪ್ಪರದ ಹಾಗಿತ್ತು. ನನ್ನಮ್ಮ ಒಂದು ಸಲಕ್ಕೆ ಒಂದೇ ಹಿಡಿ ಹಾಕಿ ಎನ್ನುತ್ತಿದ್ದಳು. ಯಾರೋ ಬುಟ್ಟಿಯನ್ನೇ ಸುರಿದಿದ್ದಾರೆ. ಒಂದೇ ದಿನಕ್ಕೆ ನೀರು ತಿಳಿಯಾಗಿದೆ, ಚಪ್ಪರ ಕಿತ್ತ ಹಾಗಾಗಿ ಬಿಸಿಲು ನೇರ ಬಡಿದಿದೆ. ಅತಿಯಾದರೆ ಅಮೃತವೂ ವಿಷ.”

“ಸುರಿದವರು ಯಾರು?” ಅರಸ ಕೇಳಿದ.

“ನಾನು” ಎಂದಳು ನೀಲಾಂಬೆ. “ಅಮ್ಮ ಹೋದ ಮೇಲೆ ನೀರು ಕಲಕಿತ್ತು. ಅವಳ ಹವಳ ನಿಚ್ಚಳವಾಗಿ ಕಾಣಲಿ ಎಂದು ಸುರಿದೆ. ನೀವು ದುಗ್ಗುವನ್ನು ಹಿಡಿಸಿದಾಗ ಹೇಳಲು ಹೆದರಿದೆ. ಬೇರೆ ಯಾರಾದರೂ ಹೇಳಲಿ ಎಂದು ಒಗಟು ಕಟ್ಟಿದೆ.”

ಅರಸ ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತ. ಅವನ ಸನ್ನೆಗೆ ಆಳು ಬಂಡೆಯತ್ತ ಓಡಿದ. ಪಂಡಿತ ಕುತ್ತಿಗೆಮಟ್ಟದ ನೀರಿನಲ್ಲಿ ಬದುಕಿದ್ದ. ಅವನಿಗಿಂತ ಕೆಳಗೆ ಕಟ್ಟಿದ್ದ ಪಾಳೆಯಗಾರನ ಮಗ ಬದುಕಿರಲಿಲ್ಲ. ಆ ಹುಡುಗನ ತಾಯಿಗೆ ಹೇಳಲು ಯಾವ ಮಾತೂ ಇಲ್ಲವೆಂದು ಅರಸ ಅತ್ತ.

“ಏನು ಬೇಕು ಕೇಳಪ್ಪಾ” ಎಂದ ಕೊನೆಗೆ. “ಮಗಳ ಕೈ ಹಿಡಿ, ಅರ್ಧ ಸೀಮೆ ತಗೋ.”

“ನನಗೆ ನನ್ನ ಅಮ್ಮ ಬೇಕು. ಆ ಬಂಡೆಯ ಸರಪಳಿ ಕಡಲಿಗೆ ಹೋಗಬೇಕು” ಎಂದ ಐತ. ನೀಲಾಂಬೆಯ ಕಡೆ ತಿರುಗಿ, “ತೊಟ್ಟಿಗೆ ಚಾಪೆ ಹೊದಿಸಿ, ಅಮ್ಮಾ. ವಾರಕ್ಕೊಂದು ಹಿಡಿ ಇದ್ದಿಲು, ತೊಳೆದದ್ದು. ಚಾಪೆಯನ್ನು ದಿನಕ್ಕೊಂದು ಗೇಣು ಸರಿಸಿ, ಹವಳ ಬಿಸಿಲಿಗೆ ಮೆಲ್ಲಗೆ ಒಗ್ಗಲಿ. ಎಲ್ಲವೂ ಸತ್ತಿಲ್ಲ” ಎಂದ.

ಅವಳೇ ಬೀಗದ ಕೈ ತಂದು ನೆಲಮಾಳಿಗೆಯ ಬಾಗಿಲು ತೆಗೆದಳು. ಮೂರು ತಿಂಗಳು ಕತ್ತಲಲ್ಲಿದ್ದ ದುಗ್ಗು ಮಗನ ದನಿ ಕೇಳಿ ಅಂಗಳದ ಬಿಸಿಲಿನತ್ತ ಧಾವಿಸಿದಳು.

“ನಿಲ್ಲಮ್ಮಾ” ಎಂದು ಐತ ತಡೆದ. ಹೆಗಲ ಬಟ್ಟೆ ತೆಗೆದು ಅವಳ ಕಣ್ಣಿಗೆ ಕಟ್ಟಿದ. ಕೈ ಹಿಡಿದು ಕಂಬದ ನೆರಳಿನಲ್ಲಿ ಕೂರಿಸಿ, ಬಿಸಿಲು ಇಳಿಯುವವರೆಗೂ ಪಕ್ಕದಲ್ಲೇ ಕೂತ.