ಹೊಳೆ ಮೊದಲು ತಾಗಿದ ಪಾದ

ಹೊಳೆಮರಡಿಯ ನೇಕಾರರ ಓಣಿಯನ್ನು ನೆರೆ ಕೊಚ್ಚಿಹಾಕಿದ ವರ್ಷ ಪೂಜ್ಯ ಶ್ರೀ ಗುರುಪಾದ ಅಜ್ಜನವರು ಮಠ ಬಿಟ್ಟು ಆ ಓಣಿಯ ತಗಡಿನ ಶೆಡ್ಡಿನಲ್ಲೇ ವಾಸವಾಗಿದ್ದರು. ಮಲಗಲು ಗೋಣಿತಟ್ಟು, ಉಣ್ಣಲು ಎಲ್ಲರೊಡನೆ ಅದೇ ಗಂಜಿ. ಅವರ ಮಠದ ಸೇವಾಸಂಘ ಬಿದ್ದ ಮನೆಗಳನ್ನು ಕಟ್ಟಿಸಿತು. ದಿಬ್ಬದ ಮೇಲೆ ಓಣಿಯವರೆಲ್ಲ ಹಿಡಿಸುವಂಥ ಕಲ್ಲಿನ ಪಡಸಾಲೆ ಎಬ್ಬಿಸಿತು. ಹೂಳು ತುಂಬಿದ ಮಗ್ಗದ ಕುಣಿಗಳನ್ನು ತೋಡಿಸಿ ಹೊಸ ಮಗ್ಗ ಕೂಡಿಸಿತು. ಆ ಊರಿನವರು ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತೇ ಸೀರೆ ನೇಯುವುದು.

ಮನೆಮನೆಯಲ್ಲೂ ಲಾಳಿಯ ಸದ್ದು ಶುರುವಾಯಿತು. ಹೊಳೆಗೆ ತೀರ ಹತ್ತಿರದ ಕಾಶವ್ವನ ಮನೆಯಲ್ಲಿ ಮಾತ್ರ ಇಲ್ಲ. ಗಂಡನಿಲ್ಲದ ಆಕೆ ಇಬ್ಬರು ಹೆಣ್ಣುಮಕ್ಕಳನ್ನು ಆ ಮಗ್ಗದಿಂದಲೇ ಸಾಕಬೇಕಿತ್ತು. ದಿನಾ ಬೆಳಿಗ್ಗೆ ಕುಣಿಯ ಅಂಚಿಗೆ ಬಂದು ಒಂದು ಪಾದ ಇಳಿಸುವಳು. ಕೆಳಗಿನ ತಂಪು ತಾಕುತ್ತಲೇ ತಟ್ಟನೆ ಎಳೆದುಕೊಳ್ಳುವಳು.

“ನೇಕಾರಗಿತ್ತಿ ಮಗ್ಗಕ್ಕ ಅಂಜೂದು ನಾ ಈಗ ನೋಡಿದ್ದು. ಇನ್ನ ಮೀನೂ ನೀರಿಗೆ ಅಂಜತಾವೇನೋ” ಎಂದು ನೆರೆಮನೆಯ ತಿಪ್ಪವ್ವ ನಗುವಳು.

ಕೊನೆಗೆ ಸಂಘದ ಮೇಲ್ವಿಚಾರಕ ರಾಚೋಟೆಪ್ಪ ಅಜ್ಜನವರಲ್ಲಿಗೆ ಬಂದ. “ಈಕಿ ನೇಯಂಗಿಲ್ರಿ ಅಜ್ಜಾರ. ಮಗ್ಗ ಬೇಕು ಅನ್ನಾವ್ರು ಇನ್ನೂ ಆರು ಮಂದಿ ಅದಾರ. ನಾಳೆ ಬಿಚ್ಚಿ ಒಯ್ತೀನಿ.”

ಅಜ್ಜನವರು ಎದ್ದು ಕಾಶವ್ವನ ಮನೆಗೆ ನಡೆದರು. ನೇರ ಅವಳ ಮಗ್ಗದ ಕುಣಿಯೊಳಗೆ ಕಾಲಿಳಿಸಿ ಕುಳಿತರು.

“ಬ್ಯಾಡ್ರಿ ಅಜ್ಜಾರ, ಮ್ಯಾಲ ಬರ್ರಿ” ಎಂದು ಕಾಶವ್ವ ಅವರ ಶಲ್ಯದ ಚುಂಗು ಹಿಡಿದಳು.

“ಹೊಳಿ ಯಾವ ಕಾಲಿಗೆ ಮೊದಲ ತಾಗಿತು, ತಂಗಿ?”

ಯಾರಿಗೂ ಹೇಳದೆ ಉಳಿಸಿಕೊಂಡದ್ದು ಆಗ ಹೊರಬಿತ್ತು. “ಎಡಗಾಲಿಗ್ರಿ. ಹೊಳಿ ಕಡಿ ಕಾಲಿಗೆ. ತಣ್ಣಗಾತು. ಹುಡುಗ್ಯಾರು ಕೊಡ ಚೆಲ್ಯಾರ ಅನ್ಕೊಂಡೆ. ಸೆರಗು ಗೇಣಷ್ಟ ಉಳಿದಿತ್ತು, ಮುಗಿಸಿ ಏಳೂಣಂತ ಕುಂತೆ. ಮೊಣಕಾಲಿಗೆ ಬಂದಾಗ ಎದ್ದೆ. ಹುಡುಗ್ಯಾರನ್ನ ಹೊತ್ಕೊಂಡು ಓಡಿದೆ. ಉಂಡು ಒಳಗ ಮಲಗಿದ್ದ ಅತ್ತಿನ್ನ ಎತ್ತಾಕ ಆಗಲಿಲ್ರಿ.”

ಬಾಗಿಲಲ್ಲಿ ನಿಂತಿದ್ದ ತಿಪ್ಪವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜನವರು ನಿನ್ನ ತಪ್ಪಿಲ್ಲ ಎನ್ನಲಿಲ್ಲ, ವಿಧಿಯೆಂದೂ ಹೇಳಲಿಲ್ಲ. ಕುಣಿಯಲ್ಲಿ ಕುಳಿತೇ ನುಡಿದರು:

“ಊರಿಗೆಲ್ಲ ಮೊದಲ ನಿನ್ನ ಕಾಲಿಗೆ ತಿಳಿದಿತ್ತು. ಅಂಜಿಕಿ ಬಿಡಬ್ಯಾಡ, ಇಟ್ಕೊಂಡೇ ಕೂಡು. ಮತ್ತ ತಣ್ಣಗಾದ್ರ ಗೇಣು ನೋಡಬ್ಯಾಡ. ಏಳು.”

ಮಠದ ದೊಡ್ಡ ಜಾಗಟೆಯನ್ನು ತರಿಸಿ ಅವಳ ಮಗ್ಗದ ಪಕ್ಕ ತೂಗುಹಾಕಿಸಿದರು. ಮಂಗಳಾರತಿಗೆ ಏನು ಬಾರಿಸುವುದೆಂದು ರಾಚೋಟೆಪ್ಪ ಕೇಳಿದಾಗ, “ಚಪ್ಪಾಳಿ ತಟ್ಟೂಣು” ಎಂದರು.

ಕಾಶವ್ವ ಅಂದೇ ಕುಣಿಗಿಳಿದಳು. ಮೊಣಕಾಲ ನಡುಕಕ್ಕೆ ತುಳಿಯುವ ಹಲಗೆಗಳು ಕಟಕಟ ಎನ್ನುತ್ತಿದ್ದವಂತೆ. ಆ ನಡುಕ ಒಂದು ದಿನವೂ ಅವಳನ್ನು ಬಿಡಲಿಲ್ಲ.

ಮರುವರ್ಷ ಶ್ರಾವಣ. ಊರಲ್ಲಿ ಹನಿ ಮಳೆಯಿಲ್ಲ, ಬಿಸಿಲು ಬಿದ್ದಿತ್ತು. ಮೇಲೆಲ್ಲೋ ಅಣೆಕಟ್ಟೆಯ ನೀರು ಬಿಟ್ಟಿದ್ದು ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಕಾಶವ್ವನ ಎಡಗಾಲಿನ ಬೆರಳು ತಣ್ಣಗಾಯಿತು. ಸೆರಗು ಇನ್ನು ನಾಲ್ಕು ಬೆರಳಷ್ಟೇ ಬಾಕಿ. ಲಾಳಿ ಎಳೆಗಳ ನಡುವೆ ಇದ್ದಂತೆಯೇ ಬಿಟ್ಟು ಎದ್ದು ಜಾಗಟೆ ಬಾರಿಸಿದಳು.

ಜಾಗಟೆಯ ಸದ್ದಿಗೆ ಕೆಲವರು ಆಕಾಶ ನೋಡಿದರು. ತಿಪ್ಪವ್ವ ನೋಡಲಿಲ್ಲ, ಮೊಮ್ಮಗಳನ್ನು ಕಂಕುಳಿಗೇರಿಸಿ ದಿಬ್ಬಕ್ಕೆ ಓಡಿದಳು. ಅವಳ ಹಿಂದೆ ಓಣಿಯೆಲ್ಲ ಎದ್ದಿತು. ಎದ್ದು ನಡೆಯಲಾರದವರನ್ನು ಹೊರಸಿನ ಮೇಲೆ ಹೊತ್ತು ತಂದರು. ಸಂಜೆಗೆ ಮೂವತ್ತೆರಡು ಮಗ್ಗಗಳು ನೀರಿನಡಿ ಇದ್ದವು. ಅಜ್ಜನವರು ಪಡಸಾಲೆಯಲ್ಲಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದರು. ಓಗೊಡದ ಹೆಸರು ಒಂದೂ ಇರಲಿಲ್ಲ.

“ಅಂಜಿಕಿ ಇನ್ನೂ ಹೋಗಿಲ್ರಿ ಅಜ್ಜಾರ” ಎಂದಳು ಕಾಶವ್ವ. ಅಜ್ಜನವರು ಬಾಗಿ, ಕೆಸರು ಮೆತ್ತಿದ ಅವಳ ಎಡಪಾದವನ್ನು ತಮ್ಮ ಶಲ್ಯದಿಂದ ಒರೆಸಿದರು.

ನೀರಿಳಿದ ಮೇಲೆ ಓಣಿಯಲ್ಲಿ ಮೊದಲು ಕುಣಿಯ ಹೂಳು ತೆಗೆದವಳು ಕಾಶವ್ವ. ಒಳ್ಳೆಯ ಕೆಲಸಕ್ಕೆ ಬಲಗಾಲೇ ಮುಂದಾಗಬೇಕೆನ್ನುವ ಊರು ಅದು. ಹೊಸ ಸೀರೆ ಹೂಡಿದ ದಿನ ಅವಳು ಎಡಗಾಲನ್ನೇ ಮೊದಲು ಇಳಿಸಿದಳು.