ಕೊಯ್ಯದೆ ಬಿಟ್ಟ ಮೂಲೆಯ ವ್ರತಕಥೆ

ದೀಪ ಹಚ್ಚಿದ್ದಾಯಿತು, ಕುಡುಗೋಲನ್ನು ತೊಳೆದು ದೀಪದ ಮುಂದೆ ಇಟ್ಟದ್ದೂ ಆಯಿತು. ನಾಳೆ ಪೈರಿಗೆ ಕುಡುಗೋಲು ಹಾಕುವ ಮುಂಚೆ ಮನೆಮಂದಿಯೆಲ್ಲ ಕೇಳತಕ್ಕ ಈ ಕಥೆಯನ್ನು ಮನಸ್ಸು ಒಂದು ಕಡೆ ನಿಲ್ಲಿಸಿ ಕೇಳುವಂಥವರಾಗಿರಿ.

ಪೂರ್ವಕಾಲದಲ್ಲಿ ಯೊರ್ದನ್ ಹೊಳೆಯ ಆಚೆ ದಡದಲ್ಲಿ ಇಬ್ರಿಯರ ಸೀಮೆಯೊಂದಿದ್ದು, ಅದನ್ನು ಹನಮೇಲನೆಂಬ ಅರಸನು ಆಳುತ್ತಿರಲಾಗಿ, ಆ ಸೀಮೆಯವರಿಗೆ ಒಂದು ನೇಮವಿತ್ತು. ಹೊಲ ಕೊಯ್ಯುವಾಗ ಮೂಲೆಗಳನ್ನು ಹಾಗೇ ಬಿಡುವರು. ಕೊಯ್ದು ಕಟ್ಟಿ ಮರೆತ ತೆನೆಯ ಸಿವುಡನ್ನು ತರಲು ಹಿಂತಿರುಗಿ ಹೋಗರು. ಅದು ಗಂಡನಿಲ್ಲದವಳಿಗೆ, ತಬ್ಬಲಿ ಕೂಸಿಗೆ, ದಾರಿಹೋಕ ಪರದೇಶಿಗೆ ಸೇರತಕ್ಕದ್ದು ಎಂದು, ಕಣ್ಣಿಗೆ ಕಾಣದ ಒಬ್ಬನೇ ದೇವರು ಅವರ ಹಿರಿಯರಿಗೆ ಹೇಳಿದ್ದನು.

ಹೀಗಿರಲು ಅರಸನು ಕಡಲತೀರದ ದೇಶದಿಂದ ಅಟಾರಾ ಎಂಬ ರಾಜಕುಮಾರಿಯನ್ನು ಮದುವೆಯಾಗಿ ತಂದನು. ಅವಳೊಂದಿಗೆ ತವರಿನ ಕಂಚಿನ ಹೋರಿಯೂ, ಅದರ ಪೂಜಾರಿಗಳೂ ಬಂದರು. ಬಹುಕಾಲದ ಮೇಲೆ ಅವಳಿಗೆ ಒಂದು ಗಂಡುಮಗು ಹುಟ್ಟಿತು. ಆದರೆ ಅದು ಹಾಲು ಕುಡಿದರೆ ಕಕ್ಕುತ್ತ, ದಿನೇದಿನೇ ಸೊರಗುತ್ತ ಬರಲು, ತಾಯಿ ಕಂಗಾಲಾಗಿ ಪೂಜಾರಿಗಳನ್ನು ಕೇಳಿದಳು. ಅವರು ಸೀಮೆಯ ಹೊಲಹೊಲದ ಮೂಲೆಯ ತೆನೆಯನ್ನೆಲ್ಲ ಹೋರಿಗೆ ಮೀಸಲಿಟ್ಟರೆ ಮಗು ಉಳಿಯುವುದೆಂದರು. ಅರಸನು ಹೆಂಡತಿಯ ಕಣ್ಣೀರು ನೋಡಲಾರದೆ ಹಾಗೇ ಡಂಗುರ ಹೊಡೆಸಿದನು. ದಿಕ್ಕಿಲ್ಲದವರು ಆಯ್ದು ತಿನ್ನುವ ಕಾಳನ್ನು ದೇವರಿಗೆ ಕೊಟ್ಟರೆ ಪುಣ್ಯ ಹೆಚ್ಚೇ ಆದೀತು ಎಂದು ಗಂಡಹೆಂಡಿರಿಬ್ಬರೂ ತಿಳಿದರು. ಅವರು ತಪ್ಪಿದ್ದು ಇಲ್ಲಿಯೇ.

ಆಳುಗಳು ಮೂಲೆಮೂಲೆಗೂ ಹೋಗಿ ಕೊಯ್ದರು. ಹೋರಿಯ ಮುಂದೆ ಜವೆಗೋದಿಯ ರಾಶಿ ಬಿತ್ತು. ಮುದುಕಿಯರು ಬರಿ ಮಡಿಲಿನಲ್ಲಿ ಮನೆಗೆ ಹೋದರು.

ಆ ಸೀಮೆಯಲ್ಲಿ ಅಜರೇಲನೆಂಬ ಪ್ರವಾದಿಯಿದ್ದನು. ಕುರಿಯ ತೊಗಲು ಹೊದ್ದ ಬಡಕಲು ಮುದುಕ, ಆದರೆ ದೇವರು ಹೇಳಿದ ಮಾತನ್ನು ಒಂದು ಎಳ್ಳಿನಷ್ಟೂ ತಗ್ಗಿಸಿ ಹೇಳಿದವನಲ್ಲ. ಅಂಥವನು ಸುಗ್ಗಿಯ ಔತಣ ನಡೆಯುತ್ತಿರುವಾಗ ಕಾಲಿನ ದೂಳು ಸಹ ಕೊಡವದೆ ಅರಮನೆಯ ನಡುಮನೆಗೆ ಬಂದು ನಿಂತನು.

ರಾಣಿ ನಕ್ಕು, "ಏನಜ್ಜಾ, ನಿನ್ನ ದೇವರಿಗೆ ಮೂರ್ತಿ ಇಲ್ಲ, ಮುಖ ಇಲ್ಲ. ಪಾಪ, ಕಾಳನ್ನು ಯಾವ ಬಾಯಲ್ಲಿ ತಿಂದಾನು?" ಎಂದಳು. ಕೂತವರೆಲ್ಲ ನಕ್ಕರು.

ಪ್ರವಾದಿಯು ಅವರ ನಗು ಮುಗಿಯಲೆಂದು ಕಾದು, "ಮುದುಕಿಯರ ಬಾಯಲ್ಲಿ ತಿನ್ನುತ್ತಿದ್ದನಮ್ಮಾ. ಹಸಿದವರ ಕೈಯಿಂದ ಕಿತ್ತು, ಹಸಿವೇ ಇಲ್ಲದ ಕಂಚಿನ ಮುಂದೆ ಸುರಿದಿದ್ದೀರಿ. ಮೂಲೆ ನಿಮ್ಮದಲ್ಲ, ನಿಮ್ಮದಲ್ಲದ್ದನ್ನು ಯಾವ ದೇವರಿಗೂ ಕೊಡಲಿಕ್ಕಾಗದು. ಮತ್ತೊಬ್ಬರ ಹೊಲದ ಮೂಲೆಯಲ್ಲಿ ನೀವು ಬಗ್ಗಿ ನಿಲ್ಲುವ ತನಕ ನಿಮ್ಮ ಹೊಲದ ತೆನೆ ಕಾಳು ಕಟ್ಟುವುದಿಲ್ಲ" ಎಂದನು.

ಅರಸನು ಸಿಟ್ಟಾಗಿ ಅವನನ್ನು ಸೆರೆಗೆ ಹಾಕಿಸಿದನು. ಅಲ್ಲಿಯೂ ಆ ಪುಣ್ಯಾತ್ಮನು ತನಗೆ ಕೊಟ್ಟ ಒಣರೊಟ್ಟಿಯ ಅಂಚನ್ನು ಮುರಿದು ಪಕ್ಕದ ಸೆರೆಯವನಿಗೆ ಇಟ್ಟೇ ತಾನು ತಿನ್ನುವನು. ಮೂಲೆ ಬಿಡಲು ಅವನಿಗೆ ಹೊಲ ಬೇಕಾಗಲಿಲ್ಲ ನೋಡಿರಿ.

ಮರುಬೆಳೆಯಲ್ಲಿ ಮೂಡಲ ಮರಳುಗಾಡಿನಿಂದ ಬಿಸಿಗಾಳಿ ಎದ್ದು, ನಿಂತ ಪೈರೆಲ್ಲ ಜೊಳ್ಳಾಯಿತು. ರಾಶಿ ಹಾಕಿದ್ದ ಕಾಳು ಹುಳ ಹಿಡಿದು ಹಿಟ್ಟಾಯಿತು. ಪೂಜಾರಿಗಳು ಹೇಳದೆ ಕೇಳದೆ ಊರು ಬಿಟ್ಟರು, ಅರಮನೆಯ ಆಳುಗಳೂ ಹೊಟ್ಟೆಪಾಡಿಗೆ ಚದರಿಹೋದರು. ಮಗುವಿನ ಅಳು ಕೂಡ ಕೇಳದಷ್ಟು ಸಣ್ಣದಾಯಿತು. ತವರಿಗೆ ಹೋದರಾದರೂ ಕೂಸು ಉಳಿದೀತೆಂದು ಗಂಡಹೆಂಡಿರು ಕಾಲುನಡಿಗೆಯಲ್ಲಿ ಹೊರಟು, ನಡುದಾರಿಯಲ್ಲಿ ಬುತ್ತಿ ತೀರಲು, ಅರಸನ ಆಳುಗಳು ಎಂದೂ ಹತ್ತದಿದ್ದ ಒಂದು ಕಲ್ಲುಗುಡ್ಡವನ್ನು ಏರಿದರು.

ಅಲ್ಲಿ ತಿರ್ಚಾ ಎಂಬ ಮುದುಕಿಯು ತನ್ನ ತುಂಡುಹೊಲ ಕೊಯ್ಯುತ್ತಿದ್ದಳು. ತೆನೆಗಳು ಕಾಳು ತುಂಬಿ ಬಾಗಿದ್ದವು. ಬೇಡಿ ಅಭ್ಯಾಸವಿಲ್ಲದ ರಾಣಿಯು ಬಾಯಿ ಬಿಡಲಾರದೆ, ಹೊಲದ ನಡುವೆ ಹೋಗಿ ಕಳ್ಳಿಯಂತೆ ಒಂದು ತೆನೆಗೆ ಕೈ ಹಾಕಿದಳು.

ಮುದುಕಿ ನೋಡಿ, "ಅಲ್ಲಲ್ಲ ತಂಗಿ, ಅದು ನನ್ನದು. ನಿನ್ನದು ಆ ಮೂಲೆಯಲ್ಲಿದೆ, ಅಲ್ಲಿ ಹೋಗು. ನಿನ್ನದನ್ನು ಬಿಟ್ಟು ನನ್ನದನ್ನು ಯಾಕೆ ಕದಿಯುತ್ತಿ?" ಎಂದಳು.

"ನನ್ನದು ಹೇಗಾದೀತವ್ವಾ? ನೀನು ಕೊಟ್ಟರೆ ತಾನೆ?"

"ಕೊಡಲಿಕ್ಕೆ ನಾನ್ಯಾರು? ಬಿತ್ತುವಾಗಲೇ ಅದು ನಿನ್ನದು. ಬೇಗ ಹೋಗು, ಕೂಸಿನ ಮುಖ ನೋಡಿದೆಯಾ, ತಂಗಿ?" ಎಂದು ಹೇಳಿ ಮುದುಕಿಯು, ಆಯುವವರಿಗೆ ನಾಚಿಕೆಯಾಗದಿರಲೆಂದು, ಆ ಕಡೆಗೆ ಬೆನ್ನು ಹಾಕಿ ಕೊಯ್ಯುತ್ತ ಹೋದಳು.

ರಾಣಿ ಮೂಲೆಗೆ ಹೋದಳು. ಸೀಮೆಯಲ್ಲಿ ಯಾರಿಗೂ ಬಾಗದವಳು ಅಲ್ಲಿ ಬಾಗಿದಳು. ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಹಸಿಕಾಳನ್ನು ಅಗಿದು ಹಾಲು ಮಾಡಿ ಮಗುವಿನ ನಾಲಗೆಗೆ ಸವರಿದಳು. ಮಗು ಚಪ್ಪರಿಸಿತು. ಕಕ್ಕಲಿಲ್ಲ. ಇನ್ನಷ್ಟು ಬೇಕೆಂದು ತಾಯಿಯ ಬೆರಳು ಹಿಡಿದು ಗಟ್ಟಿಯಾಗಿ ಅತ್ತಿತು.

ಅರಸನು ಮುದುಕಿಯ ಬಳಿಗೆ ಬಂದು, ಡಂಗುರವಾದ ಮೇಲೂ ಈ ನೇಮವನ್ನು ಹೇಗೆ ಉಳಿಸಿಕೊಂಡೆಯೆಂದು ಕೇಳಿದನು. ಅದಕ್ಕವಳು, "ನನ್ನ ಅಣ್ಣ ಅಜರೇಲ ನೇಮ ಬಿಡಬೇಡವೆಂದಿದ್ದ, ಬಿಡಲಿಲ್ಲ. ಅವನನ್ನು ಯಾವನೋ ಅರಸ ಸೆರೆಯಲ್ಲಿಟ್ಟಿದ್ದಾನಂತೆ. ಆ ಅರಸನಿಗೂ ಹಸಿವಾದರೆ ಇಲ್ಲಿಗೇ ಬರಲಿ, ಮೂಲೆ ಇದೆ" ಎಂದಳು. ಅರಸನು ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಅತ್ತನು.

ಅವರು ತವರಿಗೆ ಹೋಗಲಿಲ್ಲ. ಬಂದ ದಾರಿಯಲ್ಲೇ ತಿರುಗಿ, ಅರಸನು ತಾನೇ ಸೆರೆಯ ಅಗುಳಿ ತೆಗೆದು ಪ್ರವಾದಿಯ ಕಾಲಿಗೆ ಬೀಳಹೋದನು. ಅಜರೇಲನು ಅವನ ತೋಳು ಹಿಡಿದು ನಿಲ್ಲಿಸಿ, "ಹೋರಿಯನ್ನು ಬಿಟ್ಟು ನನ್ನನ್ನು ಹಿಡಿಯಬೇಡಪ್ಪಾ. ಮೊದಲು ಮೂಲೆ ಬಿಡು" ಎಂದನು. ಪೂಜೆ ಮಾಡಿಸಿಕೊಳ್ಳಲು ಒಪ್ಪದ ಇಂಥ ಹಿರಿಯನನ್ನು ಎಲ್ಲಿ ಕಾಣುವುದು?

ಕಂಚಿನ ಹೋರಿಯನ್ನು ಕರಗಿಸಿ ಬಡವರ ಗಂಜಿಗೆ ಕೊಪ್ಪರಿಗೆ ಮಾಡಿಸಿದರು. ಮಳೆ ಬಂತು, ತೆನೆ ಕಾಳು ಕಟ್ಟಿತು. ಮೊದಲ ಕೊಯ್ಲಿನ ದಿನ ರಾಣಿಯೇ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಅರಮನೆಯ ಹೊಲದ ಮೂಲೆಗಳಿಗೆ ಕಲ್ಲು ನೆಟ್ಟು, ಇದರಾಚೆ ಕುಡುಗೋಲು ಹೋಗಬಾರದೆಂದು ಹೇಳಿ, ಬೆನ್ನು ತಿರುಗಿಸಿ ನಡೆದಳು. ಆ ಮಗ ಬೆಳೆದು ಅದೇ ನೇಮದಲ್ಲಿ ಸೀಮೆಯನ್ನಾಳಿದನು.

ಆದಕಾರಣ ಈ ವ್ರತ ಹಿಡಿದವರು ಮೂಲೆಗೆ ಕಾವಲು ಇಡಬಾರದು, ಯಾರು ಆಯ್ದರೆಂದು ಇಣುಕಬಾರದು, ಕೊಟ್ಟೆನೆಂದು ಹೇಳಿಕೊಳ್ಳಬಾರದು. ಹೊಲವಿಲ್ಲದವರು ಅಡುಗೆಯ ಪಾತ್ರೆಯಲ್ಲಿ ಒಂದು ಬದಿಯನ್ನು ಬಿಟ್ಟು ಬಡಿಸಿಕೊಳ್ಳಬೇಕು. ಇದನ್ನು ಓದಿದವರಿಗೂ, ಕೂತು ಕೇಳಿದವರಿಗೂ, ಅರ್ಧ ಕೇಳಿ ತೂಕಡಿಸಿದ ಮಕ್ಕಳಿಗೂ, ಆ ತಾಯಿಗೆ ಸಿಕ್ಕಿದ ಫಲವೇ ಸಿಕ್ಕಲಿ. ಅವರ ತೆನೆ ಜೊಳ್ಳಾಗದಿರಲಿ, ತೊಟ್ಟಿಲ ಕೂಸು ಉಳಿಯಲಿ. ಯಾರ ಹೊಲದಲ್ಲಿ ಹಸಿದು ನಿಂತರೂ ಅವರಿಗೆಂದು ಒಂದು ಮೂಲೆ ಇರಲಿ.