ರಾಣಿಯ ಗಂಜಿಗೆ ವಿಷ ಹಾಕಿದವರು ಯಾರು?

ಏಳು ಸಮುದ್ರ ಬೇಡ, ಎರಡೇ ಸಮುದ್ರ ದಾಟಿದರೆ ಸಾಕು, ಅಲ್ಲೊಂದು ರಾಜ್ಯ ಇತ್ತಂತೆ. ಆ ರಾಜ್ಯಕ್ಕೆ ತಬಿತಾ ಅಂತ ಒಬ್ಬಳು ರಾಣಿ. ಮದುವೆ ಆಗಿರಲಿಲ್ಲ. ಯಾಕೆ ಆಗಿರಲಿಲ್ಲ ಅಂತ ಕೇಳಬೇಡಿ. ಅದು ಬೇರೆಯೇ ಕಥೆ, ಮಕ್ಕಳ ಮುಂದೆ ಹೇಳೋದಲ್ಲ.

ಆ ಊರಲ್ಲಿ ಎಲ್ಲರಿಗೂ ಒಬ್ಬನೇ ಯೇಸುಸ್ವಾಮಿ. ಆದರೂ ಜನ ಎರಡು ಪಾಲು. ಹಳೇ ಮತದವರು ಮೇಣದಬತ್ತಿ ಹಚ್ಚೋರು, ಯೇಸುವಿನ ಮಾತೆಯ ಮೂರ್ತಿಗೆ ಹೂವಿಡೋರು, ದೂರದೇಶದ ದೊಡ್ಡ ಗುರುಗಳ ಮಾತು ಕೇಳೋರು. ಅವರಿಗೆ ಬತ್ತಿಯವರು ಅಂತ ಹೆಸರು. ಹೊಸ ಮತದವರು ಬತ್ತಿ ಬೇಡ, ಮೂರ್ತಿ ಬೇಡ, ಗುರುಗಳೂ ಬೇಡ, ನಮ್ಮ ಮಾತಿನಲ್ಲಿರೋ ಪುಸ್ತಕ ಒಂದಿದ್ದರೆ ಸಾಕು ಅನ್ನೋರು. ಓದಿದವರು ಅವರನ್ನ ಪ್ರೊಟೆಸ್ಟಂಟರು ಅಂತಾರೆ. ಊರವರು ಪುಸ್ತಕದವರು ಅಂತಿದ್ದರು.

ರಾಣಿ ಪುಸ್ತಕದವಳು. ಅವಳಿಗೆ ಹಾಲು ಕುಡಿಸಿ ಸಾಕಿದ ದಾದಿ ಮೊಂತಿ ಬತ್ತಿಯವಳು. ಅರಮನೆಯ ಅಡುಗೆಯೂ ಮೊಂತಿಯದೇ. ರಾಣಿ ಓದೋದು ಪುಸ್ತಕ, ಉಣ್ಣೋದು ಬತ್ತಿಯವಳ ಕೈಯಡುಗೆ. ಯಾರಿಗೂ ಹೊಟ್ಟೆನೋವು ಬಂದಿರಲಿಲ್ಲ.

ಬಂದದ್ದು ಒಬ್ಬನಿಗೇ, ರಾಣಿಯ ಚಿಕ್ಕಪ್ಪ ಎಫ್ರಾಯಿಮನಿಗೆ. ಅವನೂ ಪುಸ್ತಕದವನೇ. ಅಣ್ಣ ಸತ್ತಾಗ ಗಾದಿ ತನಗೆ ಬರುತ್ತೆ ಅಂತ ಮೀಸೆ ತಿರುವಿಕೊಂಡು ಕೂತಿದ್ದ. ಬಂದು ಕೂತವಳು ಈ ಹುಡುಗಿ. ಉರಿ ಅಂದರೆ ಉರಿ!

ಅವನು ಏನು ಮಾಡಿದ ಅಂತೀರಿ? ಥೂ, ಹೇಳೋಕೆ ನಾಲಿಗೆ ಬರಲ್ಲ. ಆದರೂ ಹೇಳ್ತೀನಿ.

ಬೆಳಿಗ್ಗೆ ಎದ್ದು ಬಿಳೀ ಕೊರಳಪಟ್ಟಿ ಕಟ್ಟಿಕೊಂಡು ರಾಣಿಯ ಪಕ್ಕದಲ್ಲಿ ಪ್ರಾರ್ಥನೆಗೆ ನಿಲ್ಲೋನು. "ಮಗಳೇ, ಬತ್ತಿಯವರು ನಿನ್ನನ್ನ ಇಳಿಸೋಕೆ ಕತ್ತಿ ಮಸೀತಾ ಇದಾರೆ" ಅನ್ನೋನು. ಸಂಜೆ ಅಂಟುಗಡ್ಡ ಹಚ್ಚಿ, ಕರೀ ನಿಲುವಂಗಿ ತೊಟ್ಟು ಬತ್ತಿಯವರ ಕೇರಿಗೆ ಹೋಗೋನು. "ನಾನು ದೊಡ್ಡ ಗುರುಗಳು ಕಳಿಸಿದ ದೂತ. ರಾಣಿ ನಿಮ್ಮ ಪ್ರಾರ್ಥನೆಯ ಇಗರ್ಜಿ ಸುಡ್ತಾಳೆ. ಕತ್ತಿ ಹಿಡೀರಿ" ಅನ್ನೋನು. ಒಂದೇ ಬಾಯಿ, ಎರಡು ಬೆಂಕಿ! ಎರಡೂ ಕಡೆಯವರು ಹೊಡೆದಾಡಿದರೆ ನಡುವೆ ರಾಣಿ ಬೀಳ್ತಾಳೆ, ಗಾದಿ ತನಗೆ ಅಂತ ಅವನ ಲೆಕ್ಕ.

ಮೊದಲು ಪುಸ್ತಕದವರ ಇಗರ್ಜಿಯ ದೊಡ್ಡ ಪುಸ್ತಕಕ್ಕೆ ಯಾರೋ ಸಗಣಿ ಬಳಿದರು. ಅಯ್ಯಯ್ಯೋ! "ಬತ್ತಿಯವರ ಕೆಲಸ" ಅಂದ ಚಿಕ್ಕಪ್ಪ. ರಾಣಿ ನಂಬಲಿಲ್ಲ.

ಆಮೇಲೆ ಬತ್ತಿಯವರ ಮಾತೆಯ ಮೂರ್ತಿಗೆ ಯಾರೋ ಮೂಗು ಒಡೆದರು. ಅಯ್ಯಯ್ಯೋ! "ರಾಣಿಯ ಕೆಲಸ" ಅಂದ ಗಡ್ಡದ ದೂತ. ಕೇರಿಯವರು ಅರ್ಧ ನಂಬಿದರು.

ಮೂರನೇದು ಕೇಳಿ. ಒಂದು ಬೆಳಿಗ್ಗೆ ರಾಣಿ ಗಂಜಿ ಬಾಯಿಗಿಡಬೇಕು, ತಟ್ಟೆಗೆ ಬೆಕ್ಕು ಬಾಯಿ ಹಾಕಿತು. ಎರಡು ಸಲ ನೆಕ್ಕಿತು, ಕಾಲು ಚಾಚಿತು, ಸತ್ತೇಹೋಯಿತು!

"ನೋಡಿದೆಯಾ ಮಗಳೇ? ಗಂಜಿ ಮಾಡಿದವಳು ಯಾರು? ಬತ್ತಿಯವಳು!" ಅಂದ ಪಕ್ಕದಲ್ಲೇ ಕೂತಿದ್ದ ಚಿಕ್ಕಪ್ಪ.

ಈ ಸಲ ರಾಣಿ ನಂಬಿಬಿಟ್ಟಳು. ಎದೆಹಾಲು ಕೊಟ್ಟವಳನ್ನ ನಾಳೆ ಗಲ್ಲಿಗೆ ಹಾಕಿ ಅಂದಳು. ಹಾಗಂದು, ಬಾಗಿಲು ಹಾಕಿಕೊಂಡು ಅತ್ತಳು. ಅತ್ತರೇನು, ಅಂದದ್ದು ಅಂದದ್ದೇ.

ಮೊಂತಿಯನ್ನ ಉಗ್ರಾಣದಲ್ಲಿ ಕೂಡಿಹಾಕಿದರು. ಸುದ್ದಿ ಕೇಳಿದ ಮೀನು ಮಾರೋ ಕಾರ್ಮಿಣಿ ಕತ್ತಲಾದ ಮೇಲೆ ಕಿಟಕಿಯ ಹತ್ತಿರ ಓಡಿಬಂದಳು. ಅವಳೂ ಬತ್ತಿಯವಳೇ.

"ಅಕ್ಕಾ, ಊರೆಲ್ಲ ನಿನ್ನದೇ ಸುದ್ದಿ!"

"ಆಗಲಿ ಬಿಡು. ನನ್ನ ಮದುವೇಲೂ ಇಷ್ಟು ಸುದ್ದಿ ಆಗಿರಲಿಲ್ಲ."

"ತಮಾಷೆ ಬಿಡು. ಆ ದೂತ ಈಗ ತಾನೇ ನಮ್ಮನೇಲಿ ಮೀನು ತಿಂದು ಹೋದ. ಮೊಂತಿಯ ಕೊರಳಿಗೆ ಹಗ್ಗ ಬಿದ್ದ ಕೂಡಲೆ ಅರಮನೆಗೆ ಬೆಂಕಿ ಹಚ್ಚಿ ಅಂದ. ಗಂಡಸರು ಹೂಂ ಅಂದಿದಾರೆ."

"ಅಯ್ಯೋ, ನನ್ನ ಕೂಸು ಒಳಗಿದೆಯಲ್ಲೇ!"

ನೋಡಿ ಹೆತ್ತಕರುಳಲ್ಲದ ಕರುಳು! ತನ್ನ ಕೊರಳಿಗೆ ಹಗ್ಗ ಹೊಸೀತಾ ಇದ್ದರೂ ಕೂಸಿನದೇ ಚಿಂತೆ.

ಕಾರ್ಮಿಣಿ ದನಿ ತಗ್ಗಿಸಿದಳು. "ಇನ್ನೊಂದು ವಿಚಿತ್ರ ಕೇಳಕ್ಕಾ. ಅವನು ದಿನದ ಹಾಗೆ ನಮ್ಮ ಜೊತೆ ಪ್ರಾರ್ಥನೆಗೆ ಕೂತ. ನಾವು 'ಕೇಡಿನಿಂದ ಕಾಪಾಡು, ಆಮೆನ್' ಅಂತ ನಿಲ್ಲಿಸಿದ್ವಾ? ಇವನು ನಿಲ್ಲಿಸಲೇ ಇಲ್ಲ! 'ರಾಜ್ಯ' ಅಂತ ಏನೋ ಶುರು ಮಾಡಿದ. ಆಮೇಲೆ ಗಂಟಲಿಗೆ ಮುಳ್ಳು ಸಿಕ್ಕವನ ಹಾಗೆ ಕೆಮ್ಮಿದ."

ಮೊಂತಿ ಎದ್ದು ನಿಂತಳು. ಎರಡೂ ಕಡೆಯವರು ಹೇಳೋ ಪ್ರಾರ್ಥನೆ ಒಂದೇ. ಬತ್ತಿಯವರು ಕೇಡಿನ ಹತ್ತಿರ ನಿಲ್ಲಿಸ್ತಾರೆ. ಪುಸ್ತಕದವರು ಅದಕ್ಕೊಂದು ಬಾಲ ಸೇರಿಸ್ತಾರೆ: ರಾಜ್ಯ ನಿಂದು, ಬಲ ನಿಂದು, ಮಹಿಮೆ ನಿಂದು ಸ್ವಾಮಿ, ಆಮೆನ್. ಅಡುಗೆಮನೆಯ ಗೋಡೆಯಾಚೆಯಿಂದ ಮೊಂತಿ ದಿನಾ ಕೇಳಿದ್ದಳು.

"ಎಲಾ ಇವನ! ಇವನು ಗುರುಗಳ ಕಡೆಯವನಲ್ಲ ಕಣೇ. ಪುಸ್ತಕದವನು. ಗಂಜಿಯ ಹತ್ತಿರ ಬರೋಕೆ ಆಗಿದೆ ಅಂದರೆ ಅರಮನೇಲಿ ಪ್ರಾರ್ಥನೆಗೆ ನಿಲ್ಲೋ ದೊಡ್ಡವರಲ್ಲೇ ಒಬ್ಬ. ನಾಳೆ ದರ್ಬಾರಲ್ಲಿ ನೀನು ಮುಂದಿನ ಸಾಲಲ್ಲಿ ನಿಂತ್ಕೋ. ಗಡ್ಡ ತೆಗೀಬಹುದು, ದನಿ ಎಲ್ಲಿ ತೆಗೀತಾನೆ? ಕಿವಿ ತೆರೆದಿಟ್ಕೋ."

ಮಾರನೇ ದಿನ ದರ್ಬಾರಿಗೆ ಊರೇ ಬಂತು. ಈ ಕಡೆ ಪುಸ್ತಕದವರು, ಆ ಕಡೆ ಬತ್ತಿಯವರು. ಬತ್ತಿಯ ಗಂಡಸರ ನಿಲುವಂಗಿಯ ಕೆಳಗೆ ದೊಣ್ಣೆ ಇತ್ತು.

"ಅವ್ವಾ, ನೀನೇನಾ ವಿಷ ಹಾಕಿದ್ದು?" ಅಂದಳು ರಾಣಿ.

"ಹಾಕೋದಿದ್ದರೆ ನಿನಗೆ ಹಲ್ಲು ಬಂದು ನನ್ನನ್ನ ಕಚ್ಚಿದೆಯಲ್ಲ, ಆವತ್ತೇ ಹಾಕ್ತಿದ್ದೆ. ಒಂದು ಆಸೆ ನಡೆಸಿಕೊಡು. ನಿನ್ನ ಹಿರಿಯರು ಒಬ್ಬೊಬ್ಬರಾಗಿ ನನ್ನ ತಲೆ ಮೇಲೆ ಕೈಯಿಟ್ಟು ನಿಮ್ಮ ಪ್ರಾರ್ಥನೆ ಗಟ್ಟಿಯಾಗಿ ಹೇಳಲಿ."

"ನಮ್ಮದಾ? ನೀನು ಬತ್ತಿಯವಳಲ್ಲವಾ?"

"ಸಾಯೋಳಿಗೆ ಎರಡೂ ಕಡೆಯ ಶಿಫಾರಸು ಇದ್ದರೆ ಒಳ್ಳೇದು ಮಗಾ."

ಸೇನಾಪತಿ ಬಂದ. ಕೈಯಿಟ್ಟ, ಬಾಲದ ತನಕ ಹೇಳಿದ, ಹೋದ. ಕಾರ್ಮಿಣಿ ಸುಮ್ಮನಿದ್ದಳು. ನ್ಯಾಯಾಧೀಶ ಬಂದ. ಕೈಯಿಟ್ಟ, ಬಾಲದ ತನಕ ಹೇಳಿದ, ಹೋದ. ಕಾರ್ಮಿಣಿ ಸುಮ್ಮನಿದ್ದಳು.

ಮೂರನೆಯವನು ಚಿಕ್ಕಪ್ಪ. ಕೈಯಿಟ್ಟ, ಶುರು ಮಾಡಿದ. ತಲೆ ಎತ್ತಿದರೆ ಎದುರಿಗೇ ಕಾರ್ಮಿಣಿ! ದಿನಾ ಸಂಜೆ ಪ್ರಾರ್ಥನೆಗೆ ಎದುರು ಕೂರೋ ಮುಖ! ನಾಲಿಗೆಗೆ ಸಂಜೆಯೋ ಬೆಳಗೋ ತಿಳಿಯದೆ ಹೋಯಿತು. "ಕೇಡಿನಿಂದ ಕಾಪಾಡು, ಆಮೆನ್" ಅಂದುಬಿಟ್ಟ. ಅಂದದ್ದಲ್ಲದೆ ಬತ್ತಿಯವರ ಹಾಗೆ ಹಣೆಗೆ ಎದೆಗೆ ಶಿಲುಬೆಯ ಗುರುತೂ ಹಾಕಿಕೊಂಡ!

ಪುಸ್ತಕದವರೆಲ್ಲ ಬಾಯಿ ಮೇಲೆ ಕೈಯಿಟ್ಟುಕೊಂಡರು.

"ಚಿಕ್ಕಪ್ಪಾ, ಉಳಿದದ್ದೆಲ್ಲಿ?" ಅಂದಳು ರಾಣಿ.

"ವಯಸ್ಸಾಯ್ತಲ್ಲ ಮಗಳೇ, ಮರೆತೆ."

"ಈಗ ಹೇಳಿ."

ಅವನ ಬೆವರು ಗದ್ದದಿಂದ ತೊಟ್ಟಿಕ್ಕಿತು. "ರಾಜ್ಯ... ರಾಜ್ಯ... ರಾಜ್ಯ ನಂದು, ಬಲ ನಂದು..."

ಅಯ್ಯೋ ನನ್ನಪ್ಪನೇ! ಸ್ವಾಮಿಗೆ ನಿಂದು ಅನ್ನೋ ಕಡೆ ನಂದು ಅಂದ! ಒಂದೇ ಒಂದು ಗುಡಿಸು ಬಿಟ್ಟುಹೋಯಿತು ನೋಡಿ, ಇಷ್ಟು ವರ್ಷ ಹೊಟ್ಟೆಯಲ್ಲಿ ಮುಚ್ಚಿಟ್ಟದ್ದೆಲ್ಲ ಹೊರಗೆ ಬಿತ್ತು.

"ಇದೇ ದನಿ!" ಅಂತ ಚೀರಿದಳು ಕಾರ್ಮಿಣಿ. "ಇವನೇ ದೂತ! ನನ್ನ ಬುಟ್ಟಿಯ ಮೀನೆಲ್ಲ ತಿಂದ ಹೊಟ್ಟೆಬಾಕ!"

ಚಿಕ್ಕಪ್ಪ ಓಡಿದ. ಸೇನಾಪತಿ ನಿಲುವಂಗಿ ಹಿಡಿದೆಳೆದ. ಒಳಗಿಂದ ಗಡ್ಡ ಬಿತ್ತು, ಅದರ ಹಿಂದೆ ವಿಷದ ಪೊಟ್ಟಣ ಬಿತ್ತು. ಬತ್ತಿಯವರು ಪುಸ್ತಕದವರ ಮುಖ ನೋಡಿದರು. ಪುಸ್ತಕದವರು ಬತ್ತಿಯವರ ಮುಖ ನೋಡಿದರು. ಯಾರ ಮುಖದಲ್ಲೂ ರಕ್ತ ಇರಲಿಲ್ಲ. ದೊಣ್ಣೆಗಳು ಒಂದೊಂದಾಗಿ ನೆಲಕ್ಕೆ ಬಿದ್ದವು.

ಗಲ್ಲು ಬೇಡ ಅಂದಳು ರಾಣಿ. ಅವನನ್ನ ದೋಣಿಯಲ್ಲಿ ಕೂರಿಸಿದರು. ಬತ್ತಿಯವರು ಒಂದು ಹುಟ್ಟು ಕೊಟ್ಟರು, ಪುಸ್ತಕದವರು ಒಂದು ಹುಟ್ಟು ಕೊಟ್ಟರು. ತೊಲಗು ಅಂದರು.

ರಾಣಿ ಮೊಂತಿಯ ಕಾಲು ಹಿಡಿದಳು. "ಅವ್ವಾ, ತಪ್ಪಾಯ್ತು."

"ಆಯ್ತು, ಏಳು. ಆದರೆ ಒಂದು ಮಾತು. ಬತ್ತಿಯವರು ಕತ್ತಿ ಮಸೀತಾರೆ ಅಂತ ಅವನು ಬಂದು ಹೇಳಿದಾಗ, ಯಾವ ಬತ್ತಿಯವನು, ಹೆಸರೇನು, ಮನೆ ಯಾವುದು ಅಂತ ಕೇಳಿದೆಯಾ? ಕೇಳಿದ್ದರೆ ಆವತ್ತೇ ತೊದಲ್ತಿದ್ದ. ನಮ್ಮ ಗಂಡಸರೂ ಕೇಳಲಿಲ್ಲ, ದಡ್ಡರು."

ಇಷ್ಟೇ ನೀತಿ, ಸೆರಗಿಗೆ ಗಂಟು ಹಾಕಿಕೊಳ್ಳಿ: ಅವರು ನಿಮ್ಮ ದೇವರಿಗೆ ಕೇಡು ಮಾಡಿದರು ಅಂತ ಯಾರಾದರೂ ಓಡಿಬಂದರೆ, ದೊಣ್ಣೆ ಹುಡುಕೋ ಮುಂಚೆ ಯಾರು ಅಂತ ಹೆಸರು ಕೇಳಿ. ದೇವರ ಹೆಸರಲ್ಲಿ ಜಗಳ ಹಚ್ಚೋನ ಕಣ್ಣು ಯಾವತ್ತೂ ಗಾದಿಯ ಮೇಲೇ ಇರುತ್ತೆ.